ಕಾರಿನ ಮಿದುಳು, ಅವ್ವನ ಮಾತು

ಮನೆಯಲ್ಲಿ ಬಹುಕಾಲ ಬಾಳಿದ ವಸ್ತುವು ಕ್ರಮೇಣ ಮನೆಯವರಲ್ಲಿ ಒಬ್ಬರಂತೆ ಆಗಿಬಿಡುತ್ತದೆ. ನಾನು ಶಿಕ್ಷಕನಾಗಿದ್ದಾಗ, 2004ರಲ್ಲಿ, ಸಾಲ ಮಾಡಿ ಕೊಂಡ ಪುಟ್ಟ ಪೆಟ್ರೋಲ್ ಕಾರು ನಮ್ಮ ಗದುಗಿನ ಮನೆಯಲ್ಲಿ ಅಂತಹ ಸ್ಥಾನವನ್ನು ಪಡೆದಿದೆ. ಮಗಳ ಲಗ್ನಪತ್ರಿಕೆಗಳನ್ನು ಊರೂರಿಗೆ ಹಂಚಿದ್ದು ಅದರಲ್ಲಿಯೇ. ಮೊಮ್ಮಗನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದೂ ಅದರಲ್ಲಿಯೇ. ಆ ಕಾರು ನನಗೆ ಕಲಿಸಿದ ಪಾಠವೊಂದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಈ ನಾಲ್ಕು ಮಾತು.

2022ರ ಮಳೆಗಾಲದಲ್ಲಿ ಕಾರು ಒಮ್ಮೊಮ್ಮೆ ನಡುದಾರಿಯಲ್ಲಿ ತಾನಾಗಿಯೇ ನಿಂತುಬಿಡಲಾರಂಭಿಸಿತು. ಮರುದಿನ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ನಮ್ಮ ಕಾರನ್ನು ನೋಡಿಕೊಳ್ಳುವ ಗ್ಯಾರೇಜಿನ ಯುವಕ ನನ್ನ ಹಳೆಯ ವಿದ್ಯಾರ್ಥಿ. ಮೊದಲ ಸಲ ಪೆಟ್ರೋಲ್ ಪಂಪು, ಎರಡನೆಯ ಸಲ ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಕ್ರ್ಯಾಂಕ್ ಸೆನ್ಸರ್ ಬದಲಾದವು. "ಸರ, ಬ್ಯಾನಿ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ನಾಕ್ ದಿನ ಇಲ್ಲೇ ಬಿಡ್ರಿ" ಎಂದು ಅವನು ಕೇಳಿಕೊಂಡ. ನನಗೆ ಅವಸರ, ಬಿಡದೆ ತಂದೆ.

ಒಂದು ರಾತ್ರಿ, 84 ವರ್ಷದ ನನ್ನ ತಾಯಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಸುರಿಯುವ ಮಳೆಯಲ್ಲಿಯೇ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟೆ. ಅಣ್ಣಿಗೇರಿಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತಿತು. ಸುತ್ತಲೂ ಕತ್ತಲೆ, ಎರೆಹೊಲಗಳು, ಪಕ್ಕದಲ್ಲಿ ಅವ್ವನ ಏದುಸಿರು. ಆ ಅರ್ಧ ಗಂಟೆಯನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಕಡೆಗೆ ಮೆಣಸಿನಕಾಯಿ ಚೀಲಗಳನ್ನು ಹೇರಿಕೊಂಡು ಹೊರಟಿದ್ದ ವಾಹನದ ಚಾಲಕನೊಬ್ಬ ನಿಲ್ಲಿಸಿ, ನಮ್ಮನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದ. ಹಣ ಕೊಡಹೋದರೆ ಮುಟ್ಟಲಿಲ್ಲ. ಅವ್ವ ಉಳಿದರು.

ಮನೆಗೆ ಮರಳಿದವನೇ ನೇರವಾಗಿ ಗ್ಯಾರೇಜಿಗೆ ಹೋಗಿ ಆ ಯುವಕನನ್ನು ನಾಲ್ಕು ಜನರೆದುರು ಬಾಯಿಗೆ ಬಂದಂತೆ ಬೈದೆ. "ಬೇಕಿಲ್ಲದ ಸಾಮಾನು ಹಾಕಿ ರೊಕ್ಕ ತಗೊಂಡಿ" ಎಂದೂ ಅಂದೆ. ಅವನು ತಲೆ ತಗ್ಗಿಸಿ ನಿಂತನೇ ಹೊರತು ಎದುರಾಡಲಿಲ್ಲ. ಆದರೆ ಅಂದು ಸಂಜೆ ಅವ್ವನ ಆರೋಗ್ಯ ವಿಚಾರಿಸಲು ಮನೆಗೆ ಬಂದ. ಮಾತಿನ ನಡುವೆ, ಕಾರು ನಿಲ್ಲುವ ಮುಂಚೆ ಏನಾದರೂ ವಿಶೇಷ ಕಂಡಿತೇ ಎಂದು ಕೇಳಿದ. ನಾನು ಇಲ್ಲವೆಂದೆ. ಹಾಸಿಗೆಯ ಮೇಲಿದ್ದ ಅವ್ವ ಮೆಲ್ಲಗೆ ನುಡಿದರು: "ನನ್ನ ಕಾಲಾಗಿನ ಚಾಪಿ ಹಸಿ ಆಗಿತ್ತಪ್ಪಾ. ಇವಗ ಎರಡ ಸಲ ಹೇಳೀನಿ. ಛತ್ರಿ ನೀರು ಇರಬೇಕು ಬಿಡವ್ವಾ ಅಂದ."

ಯುವಕನ ಮುಖ ಅರಳಿತು. ಮರುದಿನ ಎಂಜಿನ್ ಚಾಲೂ ಇಟ್ಟು, ಮುಂದಿನ ಗಾಜಿನ ಎಡ ಮೂಲೆಗೆ ಕೊಡದಿಂದ ನೀರು ಹೊಯ್ದ. ಕೆಲವು ನಿಮಿಷಗಳಲ್ಲಿ ಎಂಜಿನ್ ಉಸಿರು ಕಟ್ಟಿದಂತೆ ನಿಂತಿತು.

ಭಾರತದಲ್ಲಿ 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಕಾರುಗಳಲ್ಲಿ ಕಾರ್ಬ್ಯುರೇಟರ್ ಮರೆಯಾಗುತ್ತ ಬಂದು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ನೆಲೆಗೊಂಡಿತು. ಅದನ್ನು ಆಳುವುದು ಇ.ಸಿ.ಯು. ಎಂಬ ಪುಟ್ಟ ಗಣಕಯಂತ್ರ. ಎಂಜಿನ್ನಿನ ವೇಗ, ಬಿಸಿ, ಒಳಸೇರುವ ಗಾಳಿ ಇವುಗಳನ್ನು ಸೆನ್ಸರ್‌ಗಳಿಂದ ತಿಳಿದು, ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ಅದು ನಿರ್ಧರಿಸುತ್ತದೆ. ನಮ್ಮ ಕಾರಿನಲ್ಲಿ ಆ ಪೆಟ್ಟಿಗೆ ಇದ್ದದ್ದು ಡ್ಯಾಶ್‌ಬೋರ್ಡಿನ ಎಡಭಾಗದ ಒಳಗೆ, ಅವ್ವ ಕೂರುವ ಸ್ಥಳದ ಮುಂದೆಯೇ.

ಹಾಗೆಂದು ಅವನು ಕೂಡಲೇ ಪೆಟ್ಟಿಗೆಯ ಮೇಲೆ ತಪ್ಪು ಹೊರಿಸಲಿಲ್ಲ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಬೆಳಗಬೇಕಾದ ಎಂಜಿನ್ ದೀಪ ಬೆಳಗಲಿಲ್ಲ. ಸ್ಕ್ಯಾನರ್ ಜೋಡಿಸಿದರೆ ಉತ್ತರವಿಲ್ಲ. ಆದರೂ ಫ್ಯೂಸು, ರಿಲೇ, ಅರ್ಥಿಂಗ್ ತಂತಿಗಳನ್ನು ಪರೀಕ್ಷಿಸಿ, ಪೆಟ್ಟಿಗೆಗೆ 12 ವೋಲ್ಟ್ ವಿದ್ಯುತ್ ಸರಿಯಾಗಿ ಬರುತ್ತಿದೆಯೆಂದು ಖಚಿತಪಡಿಸಿಕೊಂಡ. ಪೆಟ್ಟಿಗೆಯು ಸೆನ್ಸರ್‌ಗಳಿಗೆ ಕಳಿಸುವ ವಿದ್ಯುತ್ತು 5 ವೋಲ್ಟ್. ಒಂದು ಸೆನ್ಸರ್ ಶಾರ್ಟ್ ಆದರೂ ಅದು ಕುಸಿದು, ಒಳ್ಳೆಯ ಪೆಟ್ಟಿಗೆಯೇ ಸತ್ತಂತೆ ತೋರಬಹುದಂತೆ. ಅದಕ್ಕಾಗಿ ಒಂದೊಂದೇ ಸೆನ್ಸರ್ ಬಿಡಿಸಿ ನೋಡಿದ. ಕೊನೆಗೆ ಬ್ಯಾಟರಿಯ ಸಂಪರ್ಕ ತೆಗೆದು, ಪೆಟ್ಟಿಗೆ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು. ಒಳಗಿನ ಹಲಗೆಯ ತಾಮ್ರದ ಗೆರೆಗಳು ಸವೆದುಹೋಗಿದ್ದವು. ರಿಪೇರಿಯ ಹಂತವನ್ನು ಅದು ಮೀರಿತ್ತು.

ಹೊಸ ಪೆಟ್ಟಿಗೆಯ ಬೆಲೆ ಕೇಳಿ ಮಗ "ಗುಜರಿಗೆ ಹಾಕೋಣ, ಅಪ್ಪಾಜಿ" ಎಂದ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವೂ ಆ ವರ್ಷದ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅವನ ಲೆಕ್ಕ ತಪ್ಪೇನಲ್ಲ. ಆದರೆ ಬಾಗಿ ಹತ್ತಬೇಕಿಲ್ಲದ ಆ ಸೀಟಿಗೆ ಅವ್ವ ಒಗ್ಗಿಕೊಂಡಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿ, ಬಳಸಿದ ಪೆಟ್ಟಿಗೆಯೊಂದನ್ನು 8,000 ರೂಪಾಯಿಗೆ ತರಿಸಿದೆವು. ಮೇಲಿನ ಸಂಖ್ಯೆ ಕೊನೆಯ ಅಕ್ಷರದವರೆಗೂ ಹೊಂದಬೇಕು, ಇಲ್ಲವಾದರೆ ಕಾರು ಒಂದೇ ಆದರೂ ಲೆಕ್ಕಾಚಾರ ಬೇರೆ ಎಂದು ಯುವಕ ಮೊದಲೇ ಎಚ್ಚರಿಸಿದ್ದ. ಕೀಲಿಯೊಳಗಿನ ಚಿಪ್ಪನ್ನು ಗುರುತಿಸದೆ ಪೆಟ್ಟಿಗೆಯು ಎಂಜಿನ್ನನ್ನು ನಡೆಯಗೊಡುವುದಿಲ್ಲ. ಆದ್ದರಿಂದ ಹುಬ್ಬಳ್ಳಿಯ ತಂತ್ರಜ್ಞನೊಬ್ಬ ಹಳೆಯ ಪೆಟ್ಟಿಗೆಯಲ್ಲಿದ್ದ ಆ ಗುರುತನ್ನು ಹೊಸದಕ್ಕೆ ವರ್ಗಾಯಿಸಿಕೊಟ್ಟ.

ಪೆಟ್ಟಿಗೆ ಕೈಗೆ ಬಂದರೂ ಯುವಕ ಅದನ್ನು ಜೋಡಿಸಲಿಲ್ಲ. ಮೊದಲು ಗಾಜಿನ ಬುಡದ ತೂಬಿನಿಂದ ಕೊಳೆತ ಬೇವಿನೆಲೆಗಳನ್ನು ಹಿಡಿಗಟ್ಟಲೆ ತೆಗೆದ. ನೀರು ಹರಿದುಹೋಗಲು ದಾರಿಯಿಲ್ಲದೆ ಒಳಗೆ ಇಳಿಯುತ್ತಿತ್ತು. ಮೂಲೆಯ ಬಿರುಕನ್ನು ಮುಚ್ಚಿ, ವಯರಿಂಗಿನ ಪಿನ್ನುಗಳ ಕಿಲುಬನ್ನು ತೆಗೆದು, ಮತ್ತೆ ಕೊಡಗಟ್ಟಲೆ ನೀರು ಹೊಯ್ದು ನೋಡಿದ. "ಕಾರಣ ತೆಗೀದ ಪೆಟಗಿ ಬದಲ ಮಾಡಿದ್ರ, ಇದೂ ಹೋಗತೈತ್ರಿ ಸರ" ಎಂದ.

ಅವನ ಕೈ ಹಿಡಿದು, ಬೈದಷ್ಟೇ ಜನರೆದುರು ಕ್ಷಮೆ ಕೇಳಿದೆ. "ಸಾಲಿಯೊಳಗ ಇದಕ್ಕಿಂತ ಭಾಳ ಬೈದೀರಿ ಸರ" ಎಂದು ನಕ್ಕುಬಿಟ್ಟ.

ಮನೆಯ ಹಿರಿಯರು ಆಡುವ ಮಾತು ನಮಗೆ ಅನೇಕ ವೇಳೆ ಸಣ್ಣದೆನಿಸುತ್ತದೆ. ಯಂತ್ರದ ವಿಷಯ ಅವರಿಗೇನು ಗೊತ್ತು ಎಂಬ ಬಿಂಕ ನಮ್ಮದು. ಅವ್ವನಿಗೆ ಇ.ಸಿ.ಯು. ಗೊತ್ತಿರಲಿಲ್ಲ, ನಿಜ; ತಮ್ಮ ಕಾಲು ಒದ್ದೆಯಾಗಿದ್ದುದು ಗೊತ್ತಿತ್ತು. ಅಷ್ಟನ್ನು ಕೇಳಿಸಿಕೊಂಡಿದ್ದರೆ ಅಣ್ಣಿಗೇರಿಯಾಚೆಯ ಆ ರಾತ್ರಿ ಬರುತ್ತಿರಲಿಲ್ಲ.

ಕಾರು ಸಿದ್ಧವಾದ ಮೇಲೆ ಬಂದ ಮೊದಲ ಮಳೆಯ ದಿನ ಅವ್ವನನ್ನು ಕೂರಿಸಿಕೊಂಡು ಊರೊಳಗೆ ಒಂದು ಸುತ್ತು ಹೊರಟೆ. ಅವರು ಮೆಲ್ಲನೆ ಬಾಗಿ, ಕಾಲಡಿಯ ಚಾಪೆಯನ್ನು ಅಂಗೈಯಿಂದ ಸವರಿ ನೋಡಿದರು. "ಒಣಗೇತಿ ತಮ್ಮಾ, ನಡಿ" ಎಂದರು.