ಅಪ್ಪನ ಕೈಗೊಂದು ಗಾಳದ ಕೋಲು

ಶಿವಮೊಗ್ಗದಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರ್. ಮದುವೆಯಾಗಿ ಶಿವಮೊಗ್ಗ ಸೇರಿದ ಮೇಲೆ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಸಂಕ್ರಾಂತಿಗೆ ತವರಿಗೆ ಹೊರಟಾಗ ಎಳ್ಳುಬೆಲ್ಲದ ಡಬ್ಬಿಯ ಜೊತೆ ಒಂದು ಉದ್ದನೆಯ ಪೊಟ್ಟಣವೂ ಇತ್ತು. ಕಂಡಕ್ಟರ್ ಅದನ್ನು ನೋಡಿ, "ಏನಕ್ಕಾ ಅದು, ಪರದೆ ಕಟ್ಟೋ ರಾಡಾ?" ಎಂದು ಕೇಳಿದ. "ಮೀನು ಹಿಡಿಯೋ ಕೋಲು" ಅಂದೆ. ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

ಕೋಲು ನನಗಲ್ಲ, ಅಪ್ಪನಿಗೆ.

ಹೊನ್ನಾಳಿಯವರಿಗೆ ಹೊಳೆ ಅಂದರೆ ತುಂಗಭದ್ರೆ. ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾಗಿ ನಮ್ಮೂರಿಗೆ ಬರುತ್ತಾಳೆ. ಊರು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಜಿಲ್ಲೆ ಬದಲಾದರೂ ಹೊಳೆ ಬದಲಾಗಲಿಲ್ಲ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಬಾಲರಾಜ್ ಘಾಟ್‌ನ ಮನೆಗಳಿಗೆ ನುಗ್ಗುತ್ತಾಳೆ. ಮಾಗಿ ಬಂತೆಂದರೆ ಬಂಡೆ ಬಿಟ್ಟು, ಮರಳು ಬಿಟ್ಟು ಸುಮ್ಮನೆ ಹರಿಯುತ್ತಾಳೆ. ಎರಡನೇ ಮಂತ್ರಾಲಯ ಎಂದು ಭಕ್ತರು ಕರೆಯುವ ರಾಯರ ಮಠವೂ ಈ ಹೊಳೆಯ ದಡದಲ್ಲೇ ಇದೆ. ಆ ಕಡೆ ಗಾಳ ಹಾಕಬಾರದು ಅಂತ ಅಪ್ಪ ನಮಗೆ ಚಿಕ್ಕಂದಿನಲ್ಲೇ ಕಟ್ಟುನಿಟ್ಟು ಮಾಡಿದ್ದರು. ಅವರ ಜಾಗ ಬೇರೆ. ಊರು ದಾಟಿ ಒಂದಷ್ಟು ದೂರ ನಡೆದರೆ ಹೊಂಗೆಮರದ ಕೆಳಗೆ ಒಂದು ಚಪ್ಪಟೆ ಬಂಡೆ ಇದೆ. ಭಾನುವಾರ ಬೆಳಿಗ್ಗೆ ಅಪ್ಪ ಎಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಾಲು ಎಳೆದುಕೊಂಡಾದರೂ ನಡೆಯುತ್ತಾರೆ. ಬಲಗೈ ಮಾತ್ರ ಬರಲಿಲ್ಲ. ಹನ್ನೆರಡು ಅಡಿಯ ಬಿದಿರಿನ ಗಾಳದ ಕೋಲು ಅಟ್ಟದ ಮೇಲೇರಿತು. ರಬ್ಬರ್ ಚೆಂಡು ಹಿಸುಕಿ ಅಂತ ಫಿಸಿಯೋಥೆರಪಿಯವರು ಹೇಳಿದರೆ, "ಚೆಂಡು ಹಿಸುಕೋಕೆ ನಾನೇನು ಕೂಸಾ?" ಅಂತ ಚೆಂಡನ್ನು ಮೊಮ್ಮಗನಿಗೆ ಕೊಟ್ಟುಬಿಟ್ಟರು. ಜಗಲಿಯ ಮೇಲೆ ಕೂತು ರಸ್ತೆ ನೋಡುವುದು, ಊಟ, ನಿದ್ದೆ ಅಷ್ಟೇ. ಮಾತು ಕಡಿಮೆಯಾಗಿತ್ತು. ಫೋನಿನಲ್ಲಿ ಅವ್ವ, "ನಿಮ್ಮಪ್ಪ ಮನೇಲಿದ್ದೂ ಇಲ್ದಂಗೆ ಇದಾರೆ ಕಣವ್ವಾ" ಅಂದದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಅದಕ್ಕೇ ಆನ್‌ಲೈನ್‌ನಲ್ಲಿ ಹುಡುಕಿ ಒಂದು ಫೈಬರ್ ಕೋಲು ತರಿಸಿದ್ದೆ. ಮಡಚಿದರೆ ಚಿಕ್ಕದು, ಎಳೆದರೆ ಉದ್ದ, ದಾರ ಸುತ್ತುವ ರಾಟೆಯೂ ಇತ್ತು. ಅಪ್ಪ ಎಡಗೈಯಲ್ಲಿ ಹಿಡಿದು ಒಮ್ಮೆ ಎತ್ತಿದರು. ಮುಂಭಾರಕ್ಕೆ ಮಣಿಕಟ್ಟು ಬಾಗಿತು. ತುದಿಯನ್ನು ಗೋಡೆಗೆ ಒತ್ತಿ ನೋಡಿದರು, ಅದು ಬಗ್ಗಲೇ ಇಲ್ಲ. "ಇದು ಮೀನಿಗಲ್ಲವ್ವಾ, ಮೊಸಳೆಗೆ ಮಾಡಿರೋದು" ಅಂದು ಮೂಲೆಗಿಟ್ಟರು. ನನಗೆ ದುಡ್ಡು ಹೋಯಿತಲ್ಲ ಅನ್ನುವುದಕ್ಕಿಂತ, ಆಸೆ ತೋರಿಸಿ ಕಿತ್ತುಕೊಂಡೆನಲ್ಲ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಏಳಕ್ಕೆ ಅಮೆರಿಕದ ಮಿನ್ನೆಸೋಟದಿಂದ ನನ್ನ ಅಕ್ಕನ ಮಗನ ವಿಡಿಯೋ ಕಾಲ್ ಬಂತು. ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ಅವನು ಗೆಳೆಯರ ಜೊತೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಡೇರೆ ಹಾಕಿಕೊಂಡು ಕೂತಿದ್ದ. ಕೆರೆಯ ಮೇಲೇ! ಅವ್ವ "ಅಯ್ಯೋ, ಎದ್ದು ಬಾರೋ ಮಾರಾಯ" ಅಂತ ಕೂಗಿದಳು. ಹೊಸ ತಿಳಿ ಮಂಜುಗಡ್ಡೆ ಕನಿಷ್ಠ ನಾಲ್ಕಿಂಚು ದಪ್ಪ ಇದ್ದರೆ ಮಾತ್ರ ಮೇಲೆ ನಡೆಯಬಹುದು ಅಂತ ಅಲ್ಲಿನ ಸರ್ಕಾರವೇ ಹೇಳುತ್ತದಂತೆ. ಇವರು ಅಳೆದು ನೋಡಿಯೇ ಕೂತಿದ್ದರು. ಮಂಜುಗಡ್ಡೆಗೆ ಬೈರಿಗೆಯಂಥ ಯಂತ್ರದಿಂದ ತಟ್ಟೆಯಗಲದ ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟಿದ್ದರು. ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರವಾಗಿರುವುದರಿಂದ ಆ ನೀರು ತಳಕ್ಕಿಳಿಯುತ್ತದೆ, ಮಂಜುಗಡ್ಡೆ ಮೇಲೆ ತೇಲುತ್ತದೆ, ಮೀನು ನಡುವೆ ಬದುಕಿರುತ್ತದೆ.

ಅಪ್ಪನ ಕಣ್ಣು ಮಂಜುಗಡ್ಡೆಯ ಮೇಲಿರಲಿಲ್ಲ. ಹುಡುಗನ ಕೈಯಲ್ಲಿದ್ದ ಕೋಲಿನ ಮೇಲಿತ್ತು. "ಅದೇನೋ ಅದು, ಪೊರಕೆ ಕಡ್ಡಿ ಇದ್ದಂಗೈತೆ?"

"ನೂಡಲ್ ರಾಡ್ ಅಂತಾರೆ ತಾತ. ಆರ್ಡರ್ ಕೊಟ್ಟು ಮಾಡಿಸಿದ್ದು."

"ನೂಡಲ್ ಅಂದ್ರೆ ಶಾವಿಗೆ ಅಲ್ವೇನೋ?" ಅಪ್ಪ ನಕ್ಕರು. ಎಷ್ಟು ದಿನದ ಮೇಲೆ ನಕ್ಕರೋ! "ಶಾವಿಗೆ ಕೋಲು!"

ಕೋಲು ಎರಡೂವರೆ ಅಡಿಯೂ ಇಲ್ಲ. ಗಟ್ಟಿ ಫೈಬರ್ ಕಡ್ಡಿಯನ್ನು ಕೈಯಲ್ಲೇ ತೇದು ತೇದು ತುದಿಯನ್ನು ನೂಲಿನಷ್ಟು ಸಣ್ಣ ಮಾಡುತ್ತಾರಂತೆ. ಚಳಿಗೆ ಮೀನಿನ ಮೈ ಜಡವಾಗಿರುತ್ತದೆ, ಬೆನ್ನಟ್ಟಿ ಬಂದು ನುಂಗುವುದಿಲ್ಲ. ಹತ್ತಿರ ಬಂದು ಸುಮ್ಮನೆ ಉಸಿರೆಳೆದಂತೆ ಬಾಯಿಗೆಳೆದುಕೊಂಡು, ಗಟ್ಟಿ ಅನ್ನಿಸಿದರೆ ಉಗುಳಿಬಿಡುತ್ತದೆ. ಸೆಟೆದ ಕೋಲಾದರೆ ಅದು ಗೊತ್ತೇ ಆಗುವುದಿಲ್ಲ. ಈ ಕೋಲಿನ ತುದಿ ಸಣ್ಣ ತೂಕಕ್ಕೇ ಬಾಗಿ ನಿಂತಿರುತ್ತದೆ, ಮೀನು ಮುಟ್ಟಿದರೆ ಅಲುಗುತ್ತದೆ, ಕೆಳಗಿಂದ ಎತ್ತಿದರೆ ತುದಿ ನೆಟ್ಟಗಾಗುತ್ತದೆ. ಬೆಂಡೇ ಬೇಡ, ತುದಿಯೇ ಬೆಂಡು. ಮಾಡುವವರು ಮೊದಲು ಕೇಳುವುದೂ ಅದನ್ನೇ: ಯಾವ ಮೀನು, ಎಷ್ಟು ಆಳ, ಗಾಳದ ತೂಕ ಎಷ್ಟು, ಹಿಡಿಯುವ ಕೈ ಎಂಥದ್ದು.

ಕೊನೆಯ ಮಾತಿಗೆ ಅಪ್ಪ ಸುಮ್ಮನಾದರು. "ನಿನಗೂ ಒಂದು ಕಳಿಸ್ಲಾ ತಾತ?" ಅಂದ ಹುಡುಗ. "ಬ್ಯಾಡ. ಅದು ತೂತಿಗೆ ಸರಿ, ದಡಕ್ಕೆ ಎಟುಕಲ್ಲ" ಅಂದರು ಅಪ್ಪ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಮಾಗೀಲಿ ನಮ್ಮ ಹೊಳೆ ಮೀನೂ ಹಂಗೇ ಕಣವ್ವಾ, ಬಾಯಿ ಬಿಗಿ. ಮೇದಾರರ ಮನೆಗೆ ಹೋಗಿ ಬರೋಣ ನಡಿ" ಅಂದರು. ಅವ್ವ ಒಳಗಿಂದ, "ನೀರ ಹತ್ರ ಕರ್ಕಂಡು ಹೋದ್ರೆ ನೋಡು" ಅಂದಳು. ಮೇದಾರರ ಮನೆಗಷ್ಟೇ ಅಂತ ಹೇಳಿ ಆಟೋ ಹತ್ತಿದೆವು.

ಮೊರ, ಬುಟ್ಟಿ, ಕುಕ್ಕೆ ಹೆಣೆಯುವ ಆ ಮನೆಯ ಮುಂದೆ ಬಿದಿರಿನ ಸಿಬಿರು ರಾಶಿ ಬಿದ್ದಿತ್ತು. ಹನ್ನೆರಡನೇ ಶತಮಾನದ ಶರಣ ಮೇದಾರ ಕೇತಯ್ಯನ ಪಟ ಬಾಗಿಲ ಮೇಲೆ. ಬಿದಿರು ಸಿಗುವುದೇ ಕಷ್ಟ ಅಂದರು ಯಜಮಾನರು. ನಲವತ್ತು ವರ್ಷಕ್ಕೊಮ್ಮೆ ಹೂಬಿಟ್ಟರೆ ಮೆಳೆಗೆ ಮೆಳೆಯೇ ಒಣಗುತ್ತದೆ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರ ಅಂತ ಲೆಕ್ಕ ಹಾಕುವುದಿಲ್ಲ, ಆದರೆ ಕಾಡಿನದಕ್ಕೆ ಅನುಮತಿ ಬೇಕೇ ಬೇಕು. ಜೊತೆಗೆ ಪ್ಲಾಸ್ಟಿಕ್ ಬುಟ್ಟಿಯ ಕಾಟ.

"ಗಾಳದ ಕೋಲು ಕೇಳ್ಕಂಡು ಯಾರೂ ಬರಲ್ಲ ಯಜಮಾನ್ರೇ. ಎಂಥದು ಬೇಕು?" ಎಂದು ಅವರು ಎರಡು ಬಗೆ ತೆಗೆದಿಟ್ಟರು. ಕಿರುಬಿದಿರು ಒಳಗೆ ತುಂಬಿಕೊಂಡಿರುತ್ತದೆ, ಮುರಿಯುವುದಿಲ್ಲ, ಆದರೆ ಭಾರ. ವಾಟೆ ನೆಟ್ಟಗೆ, ಪೊಳ್ಳು, ಹಗುರ, ಆದರೆ ತುದಿ ಬೇಗ ಸೀಳುತ್ತದೆ. ಅಪ್ಪ ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ನೋಡಿದರು. ಹಸಿಯದ್ದು ಬೇಡ, ಮಳೆಗಾಲ ಮುಗಿದ ಮೇಲೆ ಕಡಿದು ನೆರಳಲ್ಲಿ ಒಣಗಿಸಿದ್ದು ಬೇಕು. ಸಣ್ಣ ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಕುಟ್ಟೆಹುಳ ಹೊಕ್ಕಿದೆ ಅಂತಲೇ ಅರ್ಥ. ಬಿದಿರಿನ ಒಳಗಿನ ಪಿಷ್ಟ ಆ ಹುಳಕ್ಕೆ ಊಟ, ಅದಕ್ಕೇ ಕೆಲವರು ಬಿದಿರನ್ನು ಹರಿಯುವ ನೀರಲ್ಲಿ ನೆನೆಹಾಕಿ ಪಿಷ್ಟ ಬಿಡಿಸುತ್ತಾರೆ. ಇಷ್ಟೆಲ್ಲ ನನಗೆ ಹೇಳುತ್ತಾ ಹೇಳುತ್ತಾ ಅಪ್ಪನ ದನಿ ಹಳೆಯ ದನಿಯಾಗಿತ್ತು.

ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಬುಡಕ್ಕೆ ಐದಡಿ ವಾಟೆ. ಅದರ ಪೊಳ್ಳಿಗೆ ಎರಡಡಿಯ ಕಿರುಬಿದಿರಿನ ಸೀಳು ಸೇರಿಸಿ ದಾರ ಬಿಗಿದು, ಮೇಣ ಹಾಕುವುದು. ಮೇದಾರಣ್ಣ ಆ ಸೀಳನ್ನು ಮಚ್ಚಿನ ಬಾಯಲ್ಲಿ ಹೆರೆಯುತ್ತಾ ಹೋದರು. ಅಪ್ಪ ಪ್ರತಿ ಸಲವೂ ತುದಿಗೆ ಒಂದು ರೂಪಾಯಿ ನಾಣ್ಯ ದಾರದಲ್ಲಿ ತೂಗಿಬಿಟ್ಟು ನೋಡುವರು. "ಇನ್ನೊಂಚೂರು ಸಣ್ಣ ಮಾಡು ತಮ್ಮಾ." ನಾಣ್ಯಕ್ಕೆ ತುದಿ ತಲೆಬಾಗಿದಾಗ ಸಾಕು ಅಂದರು. ತುದಿಯ ಮುಂದಿನ ಮೊಳದಷ್ಟು ಮಾತ್ರ ಮಣಿಯಬೇಕು, ಉಳಿದದ್ದು ಗಟ್ಟಿ ನಿಂತರೆ ದೊಡ್ಡ ಮೀನು ಸಿಕ್ಕಿದರೂ ಎತ್ತಬಹುದು.

ಆದರೂ ಮುಂಭಾರ ಉಳಿದಿತ್ತು. ಮೇದಾರಣ್ಣ ಬುಡದ ಪೊಳ್ಳಿಗೆ ಒಂದು ಹಿಡಿ ಮರಳು ತುಂಬಿ ಬಟ್ಟೆ ತುರುಕಿದರು. ಈಗ ತೂಕ ಹಿಡಿಯ ಹತ್ತಿರಕ್ಕೆ ಬಂತು. ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರು. ಸಣ್ಣದನ್ನು ಹಿಡಿಯಲು ಬೆರಳು ಪೂರ್ತಿ ಮುಚ್ಚಬೇಕು, ದಪ್ಪದ್ದಾದರೆ ಸೋತ ಬೆರಳಿಗೂ ಆನಿಕೆ ಸಿಗುತ್ತದೆ. ಆಮೇಲೆ ಅವರು ಏನೂ ಹೇಳದೆ, ಅಪ್ಪನ ಬಲಗೈಯನ್ನು ಎತ್ತಿ ಎಡಗೈಯ ಹಿಂದೆ, ಕೋಲಿನ ಬುಡದ ಮೇಲಿಟ್ಟರು. ಕೈ ಅಲ್ಲೇ ಕೂತಿತು. ಇನ್ನೂರು ರೂಪಾಯಿ ತೆಗೆದುಕೊಳ್ಳಲೂ ಅವರು ಹಿಂದೆಮುಂದೆ ನೋಡಿದರು.

ಅವ್ವನನ್ನು ಒಪ್ಪಿಸಿದ್ದು ಹೇಗೆಂದರೆ, ಅವಳನ್ನೂ ಕರೆದುಕೊಂಡು ಹೋದೆವು. ಮಾರನೆಯ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ, ಎರೆಹುಳದ ಡಬ್ಬಿ. ಮರಳು ತೆಗೆದ ಗುಂಡಿಗಳು ನೀರಿನೊಳಗೆ ಕಾಣುವುದಿಲ್ಲ, ಆದ್ದರಿಂದ ನೀರಿಗೆ ಇಳಿಯುವ ಮಾತೇ ಇಲ್ಲ ಅಂತ ಮೊದಲೇ ಕರಾರು. ಹೊಂಗೆಮರದ ಕೆಳಗಿನ ಬಂಡೆಯ ಮೇಲೆ ಕುರ್ಚಿ ಹಾಕಿದೆವು. ಹೊಳೆಯ ಮೇಲೆ ಇಬ್ಬನಿ ಹೊಗೆಯಂತೆ ಎದ್ದಿತ್ತು. ಎರೆಹುಳ ಸಿಕ್ಕಿಸಿದ್ದು ನಾನು. ಗಾಳ ಬಿಟ್ಟದ್ದು ಅಪ್ಪ. ಮೊದಲ ಸಲ ಜೊಂಡಿಗೆ ಸಿಕ್ಕಿತು, ಎರಡನೆಯ ಸಲ ಅವ್ವನ ಸೆರಗಿಗೆ.

ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ತುದಿ ಅಲುಗಿತು. ನನಗೆ ಗಾಳಿ ಅನ್ನಿಸಿತು. "ಶ್!" ಅಂದರು ಅಪ್ಪ. ತುದಿ ಒಮ್ಮೆ ತಲೆದೂಗಿ, ನಿಂತು, ಮೆಲ್ಲಗೆ ಕೆಳಗೆ ಬಾಗಿತು. ಅಪ್ಪ ಎಡಗೈಯಲ್ಲಿ ಎತ್ತಿದರು. ಬಲಗೈ ಬುಡವನ್ನು ಒತ್ತಿ ಹಿಡಿದಿತ್ತೋ, ಸುಮ್ಮನೆ ಬಿದ್ದಿತ್ತೋ, ನಾನು ನೋಡಲಿಲ್ಲ. ಒತ್ತಿತ್ತು ಅಂತ ಅವ್ವ ಈಗಲೂ ಆಣೆ ಮಾಡಿ ಹೇಳುತ್ತಾಳೆ. ಮೇಲೆ ಬಂದದ್ದು ಅಂಗೈಯಗಲದ ಜಿಲೇಬಿ ಮೀನು. ಎಲ್ಲಿಯದೋ ಆಫ್ರಿಕಾದ ಮೀನು ಈಗ ನಮ್ಮ ಹೊಳೆಕೆರೆಗಳಲ್ಲೆಲ್ಲ ಅದೇ. ಮೊದಲಾಗಿದ್ದರೆ ಅಪ್ಪ ಮೂಗು ಮುರಿದು ಬೆಕ್ಕಿಗೆ ಹಾಕುತ್ತಿದ್ದರು. ಅವತ್ತು ಅದನ್ನು ಬಕೆಟ್ಟಿಗೆ ಬಿಟ್ಟು ಮತ್ತೆ ಮತ್ತೆ ಬಗ್ಗಿ ನೋಡಿದರು.

ನಿಮ್ಮ ಮನೆಯಲ್ಲೂ ಕೈಸೋತ ಹಿರಿಯರಿದ್ದರೆ ಒಂದು ಮಾತು. ಬೇಡ, ಕೂತ್ಕೊಳ್ಳಿ ಅನ್ನುವುದು ಸುಲಭ. ನಾನೂ ಎರಡು ವರ್ಷ ಅದನ್ನೇ ಅಂದೆ. ಬೆಲೆ ನೋಡಿ ದೊಡ್ಡದನ್ನು ತಂದುಕೊಡುವುದೂ ಸುಲಭವೇ. ಅವರ ಕೈ ಈಗ ಎಷ್ಟಿದೆಯೋ ಅಷ್ಟಕ್ಕೆ ಸಾಮಾನನ್ನು ಹೊಂದಿಸುವುದಕ್ಕೆ ಮಾತ್ರ ಅವರ ಪಕ್ಕದಲ್ಲಿ ಕೂತು ನೋಡಬೇಕು. ಮಿನ್ನೆಸೋಟದವರು ಅದನ್ನು ಫೈಬರಿನಲ್ಲಿ ಮಾಡುತ್ತಾರೆ, ನಮ್ಮ ಮೇದಾರಣ್ಣ ವಾಟೆಯಲ್ಲಿ ಮಾಡಿದರು.

ನಾನು ಶಿವಮೊಗ್ಗಕ್ಕೆ ಹೊರಡುವ ದಿನ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕಾಣಲಿಲ್ಲ. ಗಾಬರಿಯಾಗಿ ಹಿತ್ತಲಿಗೆ ಹೋದೆ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಎಡಗೈಯಲ್ಲಿ ಕುರ್ಪಿ, ತೊಡೆಯ ಪಕ್ಕ ಡಬ್ಬಿ. "ನೀನು ಹೋದ ಮೇಲೆ ಎರೆಹುಳ ಯಾರು ಕೀಳ್ತಾರವ್ವಾ?" ಅಂದು ಮತ್ತೆ ಮಣ್ಣಿಗೆ ಬಗ್ಗಿದರು.