ಕಾಯಿಲೆ ಬಂದದ್ದು ಯಾರ ಗಂಟಿನಲ್ಲಿ?

ಒಂದು ಶುಕ್ರವಾರ ಜುಮಾ ಮುಗಿಸಿ ರಸೆಲ್ ಮಾರುಕಟ್ಟೆಯ ಹತ್ತಿರದ ಚಹಾ ಅಂಗಡಿಯಲ್ಲಿ ಕುಳಿತಿದ್ದೆವು. ಏಡ್ಸ್ ದಿನ ಸಮೀಪಿಸಿತ್ತು. ಪತ್ರಿಕೆಯಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾದವರ ಲೆಕ್ಕ ಬಂದಿತ್ತು. ನಮ್ಮಲ್ಲಿ ಹಿರಿಯರೊಬ್ಬರು ಅದನ್ನು ಓದಿ ಮಡಚಿಟ್ಟು, "ಎಲ್ಲಾ ಕೆ.ಆರ್. ಪುರದ ಕಡೆಯಿಂದ ಬರ್ತಿರೋದು. ಬಂಗಾಳ, ಬಿಹಾರ, ಅಸ್ಸಾಮಿನಿಂದ ರೈಲುಗಟ್ಟಲೆ ಇಳೀತಾರಲ್ಲ, ಅವರ ಗಂಟಿನಲ್ಲೇ ಇದೆ ಕಾಯಿಲೆ" ಎಂದರು. ಯಾರೂ ಎದುರಾಡಲಿಲ್ಲ. ತಲೆಯಾಡಿಸಿದವರೇ ಹೆಚ್ಚು. ಆಡಿಸಿದವರಲ್ಲಿ ನಾವೂ ಇದ್ದೆವು.

ಮನೆಗೆ ಬಂದ ಮೇಲೆ ನೆನಪಾದವನು ನಮ್ಮದೇ ಗಲ್ಲಿಯ ಹುಡುಗ. ಗಲ್ಫ್‌ನಲ್ಲಿ ಆರು ವರ್ಷ ದುಡಿದಿದ್ದ. ಇಬ್ಬರು ತಂಗಿಯರ ನಿಕಾಹ್ ಅವನ ಹಣದಲ್ಲೇ ನಡೆಯಿತು. ಹೋಗುವಾಗ ಇಲ್ಲಿಯ ವೈದ್ಯಕೀಯ ಪರೀಕ್ಷೆಯಲ್ಲಿ 'ಫಿಟ್' ಎಂದು ಬರೆಸಿಕೊಂಡೇ ಹೋಗಿದ್ದ. ಅಲ್ಲಿ ವಾಸದ ಪರವಾನಗಿ ನವೀಕರಿಸುವಾಗ ಮತ್ತೆ ರಕ್ತ ತೆಗೆದರು. ಏನಾಗಿದೆ ಎಂದು ವಿವರಿಸಿ ಹೇಳುವವರಿರಲಿಲ್ಲ. 'ಅನ್‌ಫಿಟ್' ಎಂಬ ಒಂದು ಪದದೊಂದಿಗೆ ವಿಮಾನ ಹತ್ತಿಸಿದರು. ಅಲ್ಲಿಯವರಿಗೆ ಅವನು ಹಿಂದೂಸ್ತಾನದಿಂದ ಕಾಯಿಲೆ ತಂದವನು. ಇಲ್ಲಿಗೆ ಬಂದರೆ ನಮಗೆ ಅವನು ಗಲ್ಫ್‌ನಿಂದ ಕಾಯಿಲೆ ತಂದವನು.

ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿ, ಬೇರೆ ತಟ್ಟೆ ಬೇರೆ ಲೋಟದೊಂದಿಗೆ, ಒಂದೂವರೆ ವರ್ಷ ಬದುಕಿದ. ಔಷಧಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಬೇಕಿತ್ತು. 2003ರ ರಮಝಾನ್‌ಗೆ ಕೆಲವು ದಿನ ಮುಂಚೆ ತೀರಿಕೊಂಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಔಷಧಿ ಆರಂಭವಾದದ್ದು 2004ರ ಏಪ್ರಿಲ್ 1ರಂದು.

ಮಯ್ಯಿತ್‌ಗೆ ಸ್ನಾನ ಮಾಡಿಸುವವರು ಬರಲಿಲ್ಲ. ಒಬ್ಬರಿಗೆ ಜ್ವರ, ಇನ್ನೊಬ್ಬರು ಊರಿನಲ್ಲಿಲ್ಲ. ಕೊನೆಗೆ ಹುಡುಗನ ತಂದೆಯೇ ತೊಳೆದರು, ಅವನ ಮಾಮು ನೀರು ಹೊಯ್ದರು. ನಾವು ಗಲ್ಲಿಯಲ್ಲಿ ನಿಂತಿದ್ದೆವು. ಜನಾಝಾ ನಮಾಝಿಗೆ ಸಾಲಿನಲ್ಲಿ ನಿಂತದ್ದು ನಿಜ. ಹೆಗಲು ಕೊಡಲಿಲ್ಲ. ಕೈಗವಸು ಹಾಕಿಕೊಂಡರೆ ಭಯವಿಲ್ಲವೆಂದು, ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಈ ಸೋಂಕು ಹರಡುವುದಿಲ್ಲವೆಂದು ಆಗಲೂ ಗೊತ್ತಿತ್ತು. ಗೊತ್ತಿದ್ದರೂ ಕಾಲು ಮುಂದೆ ಹೋಗಲಿಲ್ಲ.

ಇಂಥ ನಾವು ಕೆ.ಆರ್. ಪುರದವರ ಗಂಟು ಬಿಚ್ಚಿ ನೋಡಲು ಹೊರಟಿದ್ದೆವು!

ಈ ದಂಡು ಪ್ರದೇಶದಲ್ಲಿ ಹೊರಗಿನಿಂದ ಬಾರದವರು ಯಾರು? 1809ರ ಸುಮಾರಿಗೆ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ಹಲಸೂರಿನ ಬಳಿಗೆ ತಂದಾಗ ಅದರ ಬೆನ್ನಿಗೇ ತಮಿಳು ಸಿಪಾಯಿಗಳು, ಗುತ್ತಿಗೆದಾರರು, ಕಸಾಯಿಗಳು, ದರ್ಜಿಗಳು ಬಂದರು. ಕಚ್ಛಿನಿಂದ ಮೇಮನರು ವ್ಯಾಪಾರಕ್ಕೆ ಬಂದರು. ನಮ್ಮ ಮುತ್ತಜ್ಜ ಆರ್ಕಾಟಿನ ಕಡೆಯಿಂದ ಕುದುರೆ ಲಾಯದ ಚಾಕರಿಗೆ ಬಂದವರು. ಆ ಕಾಲದಲ್ಲೂ ಇಲ್ಲಿ ಲೈಂಗಿಕ ರೋಗಗಳ ದೊಡ್ಡ ಗದ್ದಲವಿತ್ತು. 1864ರ ಕಂಟೋನ್ಮೆಂಟ್ ಕಾಯ್ದೆಯ ನಂತರ ದಂಡಿನ ಊರುಗಳಲ್ಲಿ ವೇಶ್ಯೆಯರ ಹೆಸರು ನೋಂದಾಯಿಸಿ, ದೇಹ ಪರೀಕ್ಷಿಸಿ, ರೋಗವಿದ್ದವರನ್ನು 'ಲಾಕ್ ಆಸ್ಪತ್ರೆ' ಎಂಬಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರಿನಲ್ಲೂ ಅಂಥದೊಂದಿತ್ತು. ಹಡಗು ಹತ್ತಿ ಸಾವಿರಾರು ಮೈಲಿ ದೂರದಿಂದ ಬಂದ ಗೋರಾ ಸಿಪಾಯಿಯನ್ನು ಮಾತ್ರ ಯಾರೂ ವಲಸಿಗ ಎನ್ನಲಿಲ್ಲ. ಮುಂದೆ 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲು ಹಾದಿಯಲ್ಲಿ ಪ್ಲೇಗ್ ಬಂದಾಗ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಣೆ ನಡೆಯಿತು. ಇಂದು ನಾವು ಬಿರಿಯಾನಿ ತಿನ್ನಲು ಹೋಗುವ ಫ್ರೇಜರ್ ಟೌನ್ ಆ ಪ್ಲೇಗಿನ ನಂತರ ಕಟ್ಟಿದ್ದು.

ಈಗ ಲೆಕ್ಕದ ಮಾತು. ಸೋಂಕು ತಗುಲುವುದು ಬೇರೆ, ಪತ್ತೆಯಾಗುವುದು ಬೇರೆ. ಎಚ್‌ಐವಿ ಎಂಟು ಹತ್ತು ವರ್ಷ ಯಾವ ಲಕ್ಷಣವನ್ನೂ ತೋರದೆ ಮೈಯಲ್ಲಿರಬಲ್ಲದು. ಪರೀಕ್ಷಾ ಕೇಂದ್ರ ತೆರೆದಲ್ಲಿ, ಜನ ಧೈರ್ಯವಾಗಿ ಬಂದಲ್ಲಿ ಸಂಖ್ಯೆ ಏರುತ್ತದೆ. ಹೆದರಿ ದೂರ ಉಳಿದಲ್ಲಿ ಸಂಖ್ಯೆ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಅಂದಾಜುಗಳ ಕಥೆಯನ್ನೂ ನಾವು ನೋಡಿದ್ದೇವೆ. ದೇಶದಲ್ಲಿ ಸುಮಾರು 52 ಲಕ್ಷ ಸೋಂಕಿತರಿದ್ದಾರೆ ಎಂದು ಸರ್ಕಾರ ಹೇಳುತ್ತಿತ್ತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಯಿಂದ ರಕ್ತದ ಮಾದರಿ ತೆಗೆದ ಮೇಲೆ, 2007ರಲ್ಲಿ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು. ಜನ ಗುಣವಾದದ್ದರಿಂದ ಇಳಿದದ್ದಲ್ಲ, ಎಣಿಸುವ ವಿಧಾನ ಬದಲಾಯಿತು. ಇನ್ನೊಂದು ಸಂಗತಿ: 2010ಕ್ಕೆ ಹೋಲಿಸಿದರೆ 2023ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ತಗುಲುವ ಹೊಸ ಸೋಂಕು ಶೇ. 40ಕ್ಕಿಂತ ಹೆಚ್ಚು ಕಡಿಮೆಯಾಗಿದೆಯೆಂದು ನ್ಯಾಕೋ ಅಂದಾಜು. ಬೆಂಗಳೂರಿಗೆ ಮೆಟ್ರೋ ಕಟ್ಟಲು, ಅಪಾರ್ಟ್‌ಮೆಂಟ್ ಏರಿಸಲು, ಕಸ ಆಯಲು ಉತ್ತರದ ಜನ ಎಲ್ಲಕ್ಕಿಂತ ಹೆಚ್ಚು ಬಂದದ್ದೂ ಅದೇ ವರ್ಷಗಳಲ್ಲಿ.

ಹಾಗೆಂದು ವಲಸಿಗರಿಗೆ ಅಪಾಯವೇ ಇಲ್ಲವೆಂದರೆ ಅದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. 2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಶೇ. 0.28 ಇದ್ದರೆ ವಲಸೆ ಕಾರ್ಮಿಕರಲ್ಲಿ ಶೇ. 0.51 ಇತ್ತು. ಆದರೆ ಚಹಾ ಅಂಗಡಿಯಲ್ಲಿ ನಮಗೆ ಹೊಳೆಯದೇ ಹೋದದ್ದು ಬೇರೆಯೇ ಇದೆ. ಕರ್ನಾಟಕದಲ್ಲಿ ಎಚ್‌ಐವಿ ಪ್ರಮಾಣ ಬಿಹಾರ, ಪಶ್ಚಿಮ ಬಂಗಾಳಗಳಿಗಿಂತ ಹೆಚ್ಚು. ಮೊದಲಿಂದಲೂ ಹೆಚ್ಚು ಸೋಂಕಿನ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಶೆಡ್ಡಿನಲ್ಲಿ ಹತ್ತು ಜನರೊಂದಿಗೆ ಮಲಗುವ, ವರ್ಷಕ್ಕೊಮ್ಮೆ ಹೆಂಡತಿಯ ಮುಖ ನೋಡುವ ಹುಡುಗ ಇಲ್ಲಿ ದಾರಿ ತಪ್ಪಿದರೆ ಸೋಂಕು ತಗುಲುವುದು ನಮ್ಮ ಊರಿನಲ್ಲಿ. ಅದನ್ನು ಹೊತ್ತು ಹೋಗುವುದು ಅವನ ಊರಿಗೆ. ಮುರ್ಷಿದಾಬಾದಿನ ಹಳ್ಳಿಯಲ್ಲಿ ಕುಳಿತವರು ಬೆಂಗಳೂರಿನ ಬಗ್ಗೆ ಏನೆನ್ನಬೇಕು? ಬೆಳಗಾವಿ, ಬಾಗಲಕೋಟೆಯಿಂದ ಮುಂಬೈ, ಸಾಂಗ್ಲಿಗೆ ಹೋದ ಬಡ ಕನ್ನಡಿಗರ ಬಗ್ಗೆ ಅಲ್ಲಿಯವರೂ ಗಂಟಿನ ಮಾತನ್ನೇ ಆಡಿದ್ದರು. ಅಮೆರಿಕ 1987ರಿಂದ 2010ರವರೆಗೆ ಎಚ್‌ಐವಿ ಇದ್ದ ವಿದೇಶಿಯರಿಗೆ ಬಾಗಿಲು ಮುಚ್ಚಿತ್ತು. ಅದರಿಂದ ಅಲ್ಲಿಯ ಸೋಂಕು ನಿಲ್ಲಲಿಲ್ಲ. ಇದೇ ಜಗಳ ಜೋರಾಗಿ ನಡೆದ ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್‌ನಿಂದ, ವಾಸದ ಕಾಗದ ಕೇಳದೆ ಎಲ್ಲರಿಗೂ ಎಚ್‌ಐವಿ ಚಿಕಿತ್ಸೆ ಉಚಿತವಾಯಿತು. ಔಷಧಿಯಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ದಾಟುವುದಿಲ್ಲ. ಎಂದಮೇಲೆ ಪರೀಕ್ಷೆಗೆ ಕರೆಯುವುದು ಲಾಭವೋ, ಹೆದರಿಸಿ ಓಡಿಸುವುದೋ?

ರೋಗದ ಹೆಸರಿನಲ್ಲಿ ಕರೆಸಿಕೊಳ್ಳುವುದು ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಿಲ್ಲ. 2020ರ ಏಪ್ರಿಲ್‌ನಲ್ಲಿ ನಿಝಾಮುದ್ದೀನ್ ಮರ್ಕಝಿನ ಹೆಸರು ಹಿಡಿದು ಹಣ್ಣಿನ ಗಾಡಿಯವನನ್ನೂ ಬಡಾವಣೆಗಳಿಗೆ ಬಿಡದ ದಿನಗಳನ್ನು ನಾವು ಇಷ್ಟು ಬೇಗ ಮರೆತೆವಲ್ಲ.

ಮೇಲಿನ ಶುಕ್ರವಾರ ಕಳೆದು ತಿಂಗಳಾಗಿತ್ತು. ನಮ್ಮ ಮಸೀದಿಯ ಮಹಡಿಗೆ ಗಾರೆ ಮಾಡಲು ಬರುತ್ತಿದ್ದ ಮುರ್ಷಿದಾಬಾದಿನ ಯುವಕನೊಬ್ಬ ಕೆಮ್ಮಿ ಕೆಮ್ಮಿ ಸೊರಗಿದ್ದ. ಬೌರಿಂಗ್ ಆಸ್ಪತ್ರೆ ಕೂಗಳತೆಯಲ್ಲಿದ್ದರೂ ಹೋಗಲೊಲ್ಲ. ಬಿಡಿಸಿ ಬಿಡಿಸಿ ಕೇಳಿದಾಗ, "ಚಾಚಾ, ಅಲ್ಲಿ ಆ ರಕ್ತ ಪರೀಕ್ಷೆಯನ್ನೂ ಮಾಡ್ತಾರಂತೆ. ಏನಾದರೂ ಬಂದರೆ ಠೇಕೇದಾರ ಶೆಡ್ಡಿನಿಂದ ಹೊರಗೆ ಹಾಕ್ತಾನೆ. ಪೊಲೀಸರು ಬಾಂಗ್ಲಾದೇಶಿ ಅಂತಾರೆ" ಎಂದ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಬಗ್ಗೆ ನಮಗೆ ತಿಳಿದಷ್ಟನ್ನು ಹೇಳಿದೆವು: ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ, ಈ ಕಾರಣಕ್ಕೆ ಕೆಲಸದಿಂದ, ಬಾಡಿಗೆ ಮನೆಯಿಂದ ತೆಗೆಯುವಂತಿಲ್ಲ. ಔಷಧಿ ಬೇಕಾಗಿ ಬಂದರೆ ಹಸಿರು ಪುಸ್ತಕ ಕೊಡುತ್ತಾರೆ, ಊರಿಗೆ ಹೋದರೆ ಅಲ್ಲಿಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು ಎಂದೂ ಹೇಳಿದೆವು. ತಾರತಮ್ಯ ಮಾಡಬಾರದ ಜಾಗಗಳ ಪಟ್ಟಿಯಲ್ಲಿ ಆ ಕಾಯ್ದೆ ಖಬರಸ್ಥಾನವನ್ನೂ ಅಂತ್ಯಕ್ರಿಯೆಯನ್ನೂ ಹೆಸರಿಸಿದೆ. ಅದನ್ನು ಅವನಿಗೆ ಹೇಳಲಿಲ್ಲ.

ಅವನು ನಂಬಲು ಮೂರು ವಾರ ಬೇಕಾಯಿತು. ಒಂದು ಸೋಮವಾರ ಬೆಳಿಗ್ಗೆ ಬೌರಿಂಗ್‌ನ ಚೀಟಿ ಸಾಲಿನಲ್ಲಿ ಅವನ ಹಿಂದೆ ನಾವೂ ನಿಂತೆವು. ಒಳಗೆ ಸಲಹೆಗಾರರ ಕೋಣೆಗೆ ಅವನೊಬ್ಬನೇ ಹೋದ.

ಆ ಶುಕ್ರವಾರ ಚಹಾ ಅಂಗಡಿಯಲ್ಲಿ ಅದೇ ಹಿರಿಯರು, "ಏನಾಯ್ತಂತೆ ಆ ಬಂಗಾಳದ ಹುಡುಗನಿಗೆ?" ಎಂದು ಕೇಳಿದರು. ನಾವು ಹೇಳಲಿಲ್ಲ.