ಜೀರೋ ಟಿಕೆಟ್ಟು, ಮೂರು ದಾರಿ

ಹೋದ ಭಾನುವಾರ ಮೈಸೂರಿಗೆ ಹೋಗಿದ್ದೆ. ತಿಂಡಿ ಮುಗಿದ ಮೇಲೆ ಕಾರಿನ ಕೀ ಕೈಯಲ್ಲಿ ಹಿಡ್ಕೊಂಡು "ಅಮ್ಮ, ಎಲ್ಲಾದ್ರೂ ಹೋಗಿ ಬರೋಣ್ವಾ?" ಅಂತ ಕೇಳಿದೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಂದ ಬರೋ ಮಗ ಕೇಳೋ ಪ್ರಶ್ನೆ. ಇದಕ್ಕೆ ಅಮ್ಮನ ಮಾಮೂಲಿ ಉತ್ತರ "ಯಾಕೋ, ಮನೇಲೇ ಆರಾಮಾಗಿರು". ಆದ್ರೆ ಈ ಸಲ ಅಮ್ಮ ಚೀಲಕ್ಕೆ ನೀರಿನ ಬಾಟಲಿ ಹಾಕ್ತಾ "ಕೀ ಅಲ್ಲೇ ಮೊಳೆಗೆ ಹಾಕು. ನಾನು ಕರ್ಕೊಂಡು ಹೋಗ್ತೀನಿ, ಬಾ" ಅಂದಳು!

ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು. ಅಮ್ಮನಿಗೀಗ ಅರವತ್ತೆಂಟು. ಅಪ್ಪ ಇರೋವರೆಗೂ ಒಬ್ಬಳೇ ಬಸ್ಸು ಹತ್ತಿದವಳೇ ಅಲ್ಲ. ಟಿಕೆಟ್ಟು, ಚಿಲ್ಲರೆ, ಎಲ್ಲಿ ಇಳೀಬೇಕು ಅನ್ನೋದು, ಎಲ್ಲಾ ಅಪ್ಪನ ಜೇಬಿನಲ್ಲಿ. 2022ರಲ್ಲಿ ಅಪ್ಪ ಹೋದ್ರು. ಆಮೇಲೆ ಅಮ್ಮನಿಗೆ ಸಕ್ಕರೆ ಏರಿತು, ಡಾಕ್ಟರು ದಿನಾ ನಡೀಬೇಕು ಅಂದ್ರು. ಮನೆ ಹತ್ತಿರದ ಪಾರ್ಕಿನಲ್ಲಿ ನಾಲ್ಕು ದಿನ ಸುತ್ತಿ "ಗಾಣದೆತ್ತಿನ ಥರ ಆಯ್ತು ಕಣೋ" ಅಂತ ಬಿಟ್ಟುಬಿಟ್ಟಳು. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ ಅಂತ ಆಯ್ತಲ್ಲ, ಆಗ ಪಕ್ಕದ ಮನೆ ಆಂಟಿ ಒಂದು ಶನಿವಾರ ಅಮ್ಮನನ್ನ ಶ್ರೀರಂಗಪಟ್ಟಣಕ್ಕೆ, ರಂಗನಾಥನ ದರ್ಶನಕ್ಕೆ ಅಂತ ಎಳ್ಕೊಂಡು ಹೋದ್ರು. ಮುಂದಿನ ವಾರ ಅಮ್ಮ ಒಬ್ಬಳೇ ಹೋದಳು. ಅದರ ಮುಂದಿನ ವಾರಾನೂ...

ಇದೆಲ್ಲಾ ನನಗೆ ಫೋನಿನಲ್ಲಿ ಚೂರುಚೂರಾಗಿ ಗೊತ್ತಿತ್ತು. ಆದ್ರೆ ಅಮ್ಮ ಅಲ್ಲಿ ಹೋಗಿ ಏನು ಮಾಡ್ತಾಳೆ ಅಂತ ನಾನು ಕೇಳಿರಲಿಲ್ಲ. ದೇವಸ್ಥಾನ ತಾನೇ ಅಂದುಕೊಂಡಿದ್ದೆ.

ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದ್ವಿ. ಅಮ್ಮ ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡು ಗತ್ತಿನಿಂದ ಕಿಟಕಿ ಪಕ್ಕ ಕೂತಳು. ನಾನು ಮಾತ್ರ ದುಡ್ಡು ಕೊಟ್ಟೆ :-) ಹದಿನೈದು ಕಿಲೋಮೀಟರ್ ದಾರಿ. ಹೊಸ ಹೈವೇ 2023ರಲ್ಲಿ ಪೂರ್ತಿ ತೆರೆದ ಮೇಲೆ ಕಾರುಗಳು ಊರಾಚೆ ಬೈಪಾಸಿನಲ್ಲೇ ಹಾರಿ ಹೋಗ್ತವೆ. ನಾನೂ ಹಾಗೇ ಹಾರಿ ಹೋಗೋನೇ. ಊರೊಳಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ!

"ಮೊದಲನೇ ದಾರಿ ಕೋಟೆ ಒಳಗಿಂದು" ಅಂದಳು ಅಮ್ಮ, ಗೈಡಿನ ಥರ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡೋ ನಡುವಿನ ದ್ವೀಪವೇ ಈ ಊರು. ಹಾಗಾಗಿ ಹೆಚ್ಚು ಕಡಿಮೆ ಎಲ್ಲಾ ಸಮತಟ್ಟು, ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಬಸ್ ಸ್ಟ್ಯಾಂಡಿನಿಂದ ಹೊರಟರೆ ಮೊದಲು ಜುಮ್ಮಾ ಮಸೀದಿಯ ಎರಡು ಮಿನಾರು, ಅದರ ತುಂಬಾ ಪಾರಿವಾಳಗಳು. ಅಲ್ಲಿಂದ ಕೋಟೆಯೊಳಗಿನ ರಸ್ತೆ ಹಿಡಿದು ನಡೆದರೆ ಟಿಪ್ಪು ಬಿದ್ದ ಜಾಗ. 1799ರ ಮೇ 4ರಂದು ಟಿಪ್ಪುವಿನ ಶವ ಸಿಕ್ಕಿದ್ದು ಇಲ್ಲಿ ಅಂತ ಬರೆದಿರೋ ಒಂದು ಕಲ್ಲು, ಅಷ್ಟೇ. ಹತ್ತಿರದಲ್ಲೇ ಹೊಳೆಗೆ ಇಳಿಯೋ ನೀರು ಬಾಗಿಲು. ಕೋಟೆ ಗೋಡೆ ಪಕ್ಕ ನೆಲಕ್ಕಿಂತ ತಗ್ಗಿನಲ್ಲಿ ಬೈಲಿಯ ಸೆರೆಮನೆ. ಕೊನೆಗೆ ರಂಗನಾಥ. ಕಾವೇರಿ ಉದ್ದಕ್ಕೂ ಇರೋ ಮೂರು ರಂಗರಲ್ಲಿ ಇವನು ಆದಿರಂಗ. ನಿಧಾನಕ್ಕೆ ನಡೆದ್ರೂ, ಅಲ್ಲಲ್ಲಿ ಕೂತ್ರೂ, ಎರಡು ಗಂಟೆ ಸಾಕು.

ರೈಲಿನಲ್ಲಿ ಬರೋರಿಗೆ ಇನ್ನೂ ಸುಲಭ. ಶ್ರೀರಂಗಪಟ್ಟಣ ಸ್ಟೇಷನ್ನು ಕೋಟೆಗೆ ಅಂಟಿಕೊಂಡ ಹಾಗೇ ಇದೆ. ಜೋಡಿ ಹಳಿ ಹಾಕೋವಾಗ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂದು, 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟಿದ್ರು. "ಅಷ್ಟು ದೊಡ್ಡ ಕಲ್ಲಿನ ಮನೇನೇ ಜಾಗ ಬದಲಾಯಿಸ್ತಂತೆ, ನಾನು ಬಸ್ಸು ಬದಲಾಯಿಸೋಕೆ ಹೆದರ್ತಿದ್ದೆ ನೋಡು" ಅಂದಳು ಅಮ್ಮ. ಇದನ್ನೆಲ್ಲಾ ಯಾರ ಹತ್ರ ತಿಳ್ಕೊಂಡೆ ಅಂತ ಕೇಳಿದ್ರೆ, ಕಡಲೆಕಾಯಿ ಮಾರೋ ಹೆಂಗಸಿನ ಹತ್ರ ಅಂತೆ.

ಎರಡನೇ ದಾರಿ ಕೋಟೆಯಿಂದ ಪೂರ್ವಕ್ಕೆ. ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ದರಿಯಾ ದೌಲತ್. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ತೇಗದ ಮರದ್ದು. ಗೋಡೆ ತುಂಬಾ ಚಿತ್ರ. 1780ರ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರೋ ಒಬ್ಬ ಬಿಳಿಯ ಇದ್ದಾನೆ. ಅವನೇ ಬೈಲಿ! ಬೆಳಿಗ್ಗೆ ನೋಡಿದ ಸೆರೆಮನೆಗೆ ಇವನದೇ ಹೆಸರು. ಆ ಯುದ್ಧದಲ್ಲಿ ಸಿಕ್ಕಿಬಿದ್ದು 1782ರಲ್ಲಿ ಇದೇ ಊರಿನಲ್ಲಿ ಸೆರೆಯಾಳಾಗಿ ಸತ್ತ. ಸ್ಕೂಲ್ ಟ್ರಿಪ್ಪಿನಲ್ಲಿ ಎರಡೂ ಕಡೆ ಬಸ್ಸಿನಿಂದ ಇಳಿದು ಹತ್ತಿದ್ದೆ, ಎರಡೂ ಒಂದೇ ಕಥೆ ಅಂತ ಗೊತ್ತೇ ಆಗಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ನಡೆದಾಗ್ಲೇ ಗೊತ್ತಾಗಿದ್ದು.

ಅಲ್ಲಿಂದ ಗಂಜಾಂ ಮೇಲೆ ಗುಂಬಜ್. ಹೈದರ್, ಅವನ ಹೆಂಡತಿ, ಮಗ ಟಿಪ್ಪು, ಮೂರೂ ಜನ ಮಲಗಿರೋ ಜಾಗ. ಸುತ್ತ ನುಣುಪು ಕರಿಕಲ್ಲಿನ ಕಂಬಗಳು, ಮುಟ್ಟಿದ್ರೆ ತಣ್ಣಗಿರತ್ತೆ. ಅದರಾಚೆ ಸಂಗಮ. ಕೋಟೆಯಿಂದ ಸಂಗಮಕ್ಕೆ ಒಟ್ಟು ನಾಲ್ಕು ಕಿಲೋಮೀಟರ್ ಇರಬಹುದು. ಅಮ್ಮನ ಲೆಕ್ಕ ಬೇರೆ: ಹೋಗುತ್ತಾ ನಡಿಗೆ, ಬರ್ತಾ ಆಟೋ. "ಬಸ್ಸಿಗೆ ಉಳಿಸಿದ ದುಡ್ಡು ಆಟೋಗೆ" ಅಂತ.

ನೀವೂ ಹೋಗೋದಾದ್ರೆ ಅಮ್ಮನ ಸೂಚನೆಗಳು ಇಲ್ಲಿವೆ. ಬೆಳಿಗ್ಗೆ ಒಂಬತ್ತರೊಳಗೆ ಊರಿನಲ್ಲಿ ಇಳೀಬೇಕು, ಹನ್ನೊಂದರ ಮೇಲೆ ಸಂಗಮದ ರಸ್ತೆಯಲ್ಲಿ ಬಿಸಿಲು ಜಾಸ್ತಿ. ಛತ್ರಿ ಮಳೆಗಲ್ಲ, ಬಿಸಿಲಿಗೆ. ನೀರು ಶಾಂತವಾಗಿ ಕಂಡರೂ ಸಂಗಮದಲ್ಲಿ ಆಳಕ್ಕೆ ಇಳೀಬೇಡಿ, ಸುಳಿ ಇದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನ ಹೊಳೆ ಕಡೆ ಬೇಡವೇ ಬೇಡ, ಕೋಟೆ ದಾರಿ ಸಾಕು. ಎರಡು ದಾರಿ ಒಂದೇ ದಿನ ಮಾಡೋ ಹಠ ಬೇಡ. (ನನಗೋಸ್ಕರ ಅವತ್ತು ಎರಡೂ ಮಾಡಿದಳು!)

ಮಧ್ಯಾಹ್ನ ಊಟ ಮಾಡಿ ವಾಪಸ್ ಬಸ್ಸು ಹತ್ತಿದ್ವಿ. ಕಂಡಕ್ಟರ್ ಬಂದಾಗ ಅಮ್ಮ ಮೈಸೂರು ಅನ್ನಲಿಲ್ಲ. "ಪಶ್ಚಿಮವಾಹಿನಿ" ಅಂದಳು.

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕಿಟಕಿ ಹೊರಗೆ ನೋಡ್ತಿದ್ದಳು. "ಮೂರನೇ ದಾರಿ ಇದು. ಬರೀ ಹತ್ತು ನಿಮಿಷ" ಅಂದಳು.

ಪಶ್ಚಿಮವಾಹಿನಿ ಅಂದ್ರೆ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯೋ ಜಾಗ. ಈ ಕಡೆಯ ಜನ ಅಸ್ಥಿ ಬಿಡೋದು ಇಲ್ಲೇ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟಿದ್ರು. ಅಪ್ಪನದನ್ನ ಬಿಟ್ಟಿದ್ದೂ ಇಲ್ಲೇ. ನಾನು, ಚಿಕ್ಕಪ್ಪ, ಪುರೋಹಿತರು ಕಾರಿನಲ್ಲಿ ಬಂದಿದ್ವಿ. ಹೆಂಗಸರು ಬರೋ ಪದ್ಧತಿ ಇಲ್ಲ ಅಂತ ಯಾರೋ ಅಂದ್ರು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬರ್ತೀಯಾ ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಮೆಟ್ಟಿಲ ಹತ್ತಿರ ಬಂದು ಅಮ್ಮ ಕೇಳಿದಳು, "ಎಲ್ಲಿ ಬಿಟ್ಟೆ?"

ನನಗೆ ಅವತ್ತಿನ ಬಿಸಿಲು ನೆನಪಿದೆ. ಪುರೋಹಿತರಿಗೆ ಇನ್ನೊಂದು ಕಡೆ ಹೋಗೋ ಅವಸರ ಇದ್ದದ್ದು, ಆಫೀಸಿನ ಫೋನು ಎರಡು ಸಲ ಬಂದದ್ದು, ಅಡ್ಡ ನಿಲ್ಲಿಸಿದ್ದ ಕಾರು ತೆಗೀರಿ ಅಂತ ಯಾರೋ ಕೂಗಿದ್ದು, ಎಲ್ಲಾ ನೆನಪಿದೆ. ಮೆಟ್ಟಿಲು ಮಾತ್ರ ನೆನಪಿಲ್ಲ. ಸುಮ್ಮನೆ ಒಂದು ಕಡೆ ಕೈ ತೋರಿಸಿಬಿಡೋಣ ಅನ್ನಿಸ್ತು. ಆಗಲಿಲ್ಲ.

"ನೆನಪಿಲ್ಲ ಅಮ್ಮ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾನು ಆ ಮರದ ಹತ್ರ ಇರೋ ಮೆಟ್ಟಿಲಲ್ಲಿ ಕೂತ್ಕೊಳ್ತೀನಿ, ಪ್ರತಿ ಸಲ. ಅದೇ ಇರ್ಬೇಕು ಅಂದ್ಕೊಂಡಿದ್ದೆ. ಇರ್ಲಿ ಬಿಡು, ನೀರು ಹರೀತಾನೇ ಇರತ್ತಲ್ಲ" ಅಂದಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ನೀರು ನೋಡ್ತಾನೇ, "ಅವತ್ತು ನಾನೂ ಬಂದಿದ್ರೆ ಏನಾಗ್ತಿತ್ತೋ?" ಅಂದಳು.

ಬೈದಿದ್ರೆ ಏನಾದ್ರೂ ಹೇಳಬಹುದಿತ್ತು. ಇದು ಬೈಗುಳ ಆಗಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅರ್ಧ ಗಂಟೆ ಇಬ್ರೂ ಕೂತಿದ್ವಿ. ಅಮ್ಮ ಬೊಗಸೆ ನೀರು ತಗೊಂಡು ಬಿಟ್ಟಳು, ಅಷ್ಟೇ. ಮಂತ್ರ ಏನೂ ಇಲ್ಲ.

ಸುಲಭದ ದಾರಿ ಅಂದ್ರೆ ಏರಿಲ್ಲದ, ನೆರಳಿರೋ ದಾರಿ ಅಂದುಕೊಂಡಿದ್ದೆ. ಅಮ್ಮನಿಗೆ ಅದು ಯಾರನ್ನೂ "ಕರ್ಕೊಂಡು ಹೋಗ್ತೀಯಾ" ಅಂತ ಕೇಳಬೇಕಿಲ್ಲದ ದಾರಿ. ಈ ಹತ್ತು ನಿಮಿಷದ ದಾರಿಗೆ ಅವಳು ಒಂದು ವರ್ಷ ಕಾದಿದ್ದಳು, ನಾನು ಕಾರಿಟ್ಟುಕೊಂಡು ಮೇಲಿನ ಹೈವೇಯಲ್ಲಿ ಓಡಾಡ್ತಿದ್ದೆ.

ಮತ್ತೆ ರಸ್ತೆಗೆ ಬಂದು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದವಳೂ ಅಮ್ಮನೇ. "ಒಂದು ಜೀರೋ, ಒಂದು ದುಡ್ಡಿಂದು" ಅಂದಳು ಕಂಡಕ್ಟರಿಗೆ. ಮೈಸೂರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ,

"ಮುಂದಿನ ಸಲ ಕಾರು ತರ್ಬೇಡ. ರೈಲಲ್ಲಿ ಬಂದು ಶ್ರೀರಂಗಪಟ್ಟಣದಲ್ಲೇ ಇಳ್ಕೋ. ನಾನು ಸ್ಟೇಷನ್ನಿಗೆ ಬಂದಿರ್ತೀನಿ" ಅಂದಳು.